ಸ್ಪ್ರಿಂಗಿನ ತಪ್ಪಲ್ಲ

ಬರ್ಚ್‌ವುಡ್, ವಾರಿಂಗ್ಟನ್
೨೨ ಜೂನ್ ೨೦೨೫, ಭಾನುವಾರ

ಪೂಜ್ಯ ಶಾರದಕ್ಕನವರಿಗೆ,

ನಿಮ್ಮ ತಮ್ಮನ ಹೆಂಡತಿ ಮಹಾದೇವಿಯ ಶರಣು ಶರಣಾರ್ಥಿಗಳು. ನಾವು ಇಲ್ಲಿ ಇದ್ದೇವೆ. ಕ್ಷೇಮ ಅಂತ ಬರೆಯಲು ಪೆನ್ನು ಎತ್ತಿದೆ, ಆಗಲಿಲ್ಲ. ನಿಮ್ಮ ಮೊಣಕಾಲು ಹೇಗಿದೆ? ಗದಗಿನಲ್ಲಿ ಮಳೆ ಹಿಡಿಯಿತೇ?

ಮೊದಲು ನಿಮ್ಮ ಕ್ಷಮೆ ಕೇಳಬೇಕು. ನೀವು ಮೇ ತಿಂಗಳಿನಿಂದ ಮೂರು ಸಲ ಫೋನ್ ಮಾಡಿ, "ನನ್ನ ತಮ್ಮಗ ಏನಾಗೇದ ಮಹಾದೇವಿ, ನೀನಾದ್ರೂ ಹೇಳು" ಅಂದಿರಿ. ಮೂರು ಸಲವೂ ನಾನು ಮಾತು ತಿರುಗಿಸಿದೆ. ಇವರು ಫೋನನ್ನು ಸ್ಪೀಕರಿನಲ್ಲಿ ಇಟ್ಟು ಪಕ್ಕದಲ್ಲೇ ಕೂತಿರುತ್ತಾರೆ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ಅದು ಮನೆಯ ಟ್ಯಾಬಿನಲ್ಲೂ ತೆರೆದುಕೊಳ್ಳುತ್ತದೆ. ಅದಕ್ಕೇ ಎಷ್ಟೋ ವರ್ಷಗಳ ಮೇಲೆ ಕಾಗದ ಹಿಡಿದಿದ್ದೇನೆ. ಇವತ್ತು ಇವರು ಮಗ ಅಮೃತನ ಜೊತೆ ಲೀಡ್ಸ್‌ಗೆ ಹೋಗಿದ್ದಾರೆ. ಸಂಜೆಯವರೆಗೆ ಮನೆ ನನ್ನದು.

ಇವರು ಕಚೇರಿಯಿಂದ ನಿವೃತ್ತರಾದ ಮೇಲೆ ಇಲ್ಲಿನ ರೈಫಲ್ ಕ್ಲಬ್ ಸೇರಿದ್ದು ನಿಮಗೆ ಗೊತ್ತು. ಲಿಂಗ ಕಟ್ಟಿಕೊಂಡವರು ಬಂದೂಕು ಹಿಡಿಯೋದಂದ್ರ ಏನು ಅಂತ ನೀವು ಬೈದಿದ್ದಿರಿ. ಅದಕ್ಕೆ ಇವರು, "ಅಕ್ಕಾ, ನಾ ಹೊಡಿಯೂದು ಕಾಗದಕ್ಕ. ಕಾಗದಕ್ಕೆಲ್ಲಿ ಜೀವ ಅದ?" ಅಂತ ನಕ್ಕಿದ್ದರು. ಕಾಲುವೆ ಪಕ್ಕದ ಹಳೆಯ ಇಟ್ಟಿಗೆ ಕಟ್ಟಡ ಅದು. ಒಳಗೆ ಇಪ್ಪತ್ತೈದು ಗಜ ದೂರದಲ್ಲಿ ಅಂಗೈಯಷ್ಟು ಕಾಗದ. ಅದರ ಮೇಲೆ ಕಪ್ಪು ವೃತ್ತಗಳು. ಪಾಯಿಂಟ್ ಟೂ ಟೂ ಅನ್ನುವ ಸಣ್ಣ ಗುಂಡು. ಇವರ ಜೊತೆ ಹನ್ನೆರಡು ಜನ. ಎಲ್ಲರಿಗೂ ಹಿರಿಯರು ಕೀತ್, ಕ್ಲಬ್ಬಿನ ಕಾರ್ಯದರ್ಶಿ. ಮೂವತ್ತು ವರ್ಷ ಬಸ್ಸು ಓಡಿಸಿದವರು, ಹೆಂಡತಿ ತೀರಿಕೊಂಡಿದ್ದಾರೆ. ನಲವತ್ತು ವರ್ಷ ಈ ದೇಶದಲ್ಲಿದ್ದರೂ ಇವರಿಗೆ ಗೆಳೆಯ ಅಂತ ಸಿಕ್ಕ ಇಲ್ಲಿಯವರು ಕೀತ್ ಒಬ್ಬರೇ. ಬುಧವಾರ, ಶನಿವಾರ ಕ್ಲಬ್ಬು, ಆಮೇಲೆ ನಮ್ಮ ಅಡುಗೆಮನೆಯಲ್ಲಿ ಚಹಾ. ಕೀತ್ ನನ್ನ ಕೈಯ ಶೇಂಗಾ ಚಟ್ನಿಯನ್ನು ಬ್ರೆಡ್ಡಿಗೆ ಸವರಿ ತಿನ್ನುತ್ತಿದ್ದರು.

ಹೊಸ ರೈಫಲ್ ಕೊಳ್ಳುವ ಮನಸ್ಸು ಇವರಿಗೆ ಇರಲೇ ಇಲ್ಲ. ಇಂಜಿನಿಯರ್ ಅಲ್ಲವೇ, ಅಗ್ಗದಲ್ಲಿ ತಾನೇ ಜೋಡಿಸಬೇಕು. ತೀರಿಕೊಂಡ ಸದಸ್ಯರೊಬ್ಬರ ಹಳೆಯ ನಳಿಕೆ ಮತ್ತು ಅದರ ಹಿಂದೆ ಗುಂಡು ತುಂಬಿ ಮುಚ್ಚುವ ಬೋಲ್ಟಿನ ಭಾಗವನ್ನು ಅಂಗಡಿಯ ಮೂಲಕ ಕೊಂಡು, ಪೊಲೀಸರು ಕೊಡುವ ಸರ್ಟಿಫಿಕೇಟಿನಲ್ಲಿ ಬರೆಸಿಕೊಂಡರು. ಈ ದೇಶದಲ್ಲಿ ಆ ಎರಡಕ್ಕೆ ಅಪ್ಪಣೆ ಬೇಕು. ಮರದ ಹಿಡಿ, ಟ್ರಿಗರಿನ ಸ್ಪ್ರಿಂಗು, ಗುರಿ ನೋಡುವ ಕಿಂಡಿ ಇವಕ್ಕೆ ಯಾರೂ ಕೇಳುವುದಿಲ್ಲ. ಅವು ಒಂದೊಂದಾಗಿ ಅಂಚೆಯಲ್ಲಿ ಬರತೊಡಗಿದವು. ಯಾರೋ ಬಿಸಾಡುವ ಹಂತದಲ್ಲಿದ್ದ, ಸೀಳು ಬಿಟ್ಟ ಬೀಚ್ ಮರದ ಹಿಡಿ ಒಂದು ಬಂತು. ಅದಕ್ಕೆ ಅಂಟು ತುಂಬಿ, ಉಪ್ಪುಕಾಗದದಿಂದ ತಿಕ್ಕಿ, ಎಣ್ಣೆ ಹಚ್ಚಿದರು. ಎರಡು ವಾರ ನನ್ನ ಚಪಾತಿಗೆಲ್ಲ ಅದೇ ಎಣ್ಣೆಯ ವಾಸನೆ. ಭುಜಕ್ಕೆ ಆನುವ ತಟ್ಟೆಯನ್ನು ಹಳೆಯ ಕಪಾಟಿನ ಅಲ್ಯೂಮಿನಿಯಂನಿಂದ ಕತ್ತರಿಸಿದರು. ಕೀತ್ ಅದನ್ನು ಎತ್ತಿ ನೋಡಿ, "ಶಂಕರ್, ಇದು ಬಂದೂಕೋ ಪುಸ್ತಕದ ಶೆಲ್ಫೋ?" ಅಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ಸಂತೋಷವೇ. ನಿವೃತ್ತಿಯ ನಂತರ ಗೋಡೆ ನೋಡುತ್ತ ಕೂರುವ ಗಂಡಸರನ್ನು ನನ್ನ ದವಾಖಾನೆಯಲ್ಲಿ ದಿನವೂ ನೋಡುತ್ತೇನೆ. ನನ್ನ ಗಂಡ ಹಾಗಾಗಲಿಲ್ಲವಲ್ಲ ಅನಿಸಿತು.

ಕಳೆದ ನವೆಂಬರಿನಿಂದ ಬರುವ ಸಾಮಾನು ಬೇರೆ ಥರ ಆಯಿತು. ಮೊದಲು ಎಡಗೈ ಜಾರದಂತೆ ತಡೆಯಲು ಒಂದು ಅಗಲವಾದ ಗೂಟ ಬಂತು. ಆಮೇಲೆ ನಳಿಕೆಯ ಕೆಳಗೆ ಕೂರಿಸಲು ಸೀಸದ ಗಟ್ಟಿ, ಅಲುಗಾಡಬಾರದೆಂದು. ಜನವರಿಯಲ್ಲಿ ರೈಫಲನ್ನೇ ಹೊತ್ತು ನಿಲ್ಲುವ ಕಬ್ಬಿಣದ ಸ್ಟ್ಯಾಂಡ್.

"ಇಷ್ಟು ದಿನ ಮಲಗಿ ಕೈಯಾಗ ಹಿಡಕೊಂಡು ಹೊಡಿತಿದ್ರಿ. ಈಗ ಇದ್ಯಾಕ?" ಅಂದೆ.

"ಬೆಂಚಿನ ಮ್ಯಾಲ ಇಟ್ಟು ಹೊಡಿಯೂದೂ ಒಂದು ಆಟ ಅದ. ನಿನಗ ತಿಳಿಯಂಗಿಲ್ಲ."

ತಿಳಿಯಿತು ಅಕ್ಕಾ. ಬಂದೂಕು ತಿಳಿಯದಿದ್ದರೂ ಕೈ ತಿಳಿಯುತ್ತದೆ. ಮೇಜಿನ ಮೇಲೆ ಇದ್ದ ಆ ಸಾಮಾನೆಲ್ಲ ಒಂದೊಂದೂ ಇವರ ಎಡಗೈ ಮಾಡಬೇಕಾದ ಕೆಲಸವನ್ನು ಮಾಡುವಂಥವೇ ಆಗಿದ್ದವು. ಆಮೇಲೆ ನೋಡುತ್ತ ಹೋದೆ. ನಡೆಯುವಾಗ ಬಲಗೈ ಬೀಸುತ್ತದೆ, ಎಡಗೈ ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಕ್ಲಬ್ಬಿನ ಅಂಕಗಳ ಪುಸ್ತಕದಲ್ಲಿ ಇವರ ಅಕ್ಷರ ಸಾಲಿನಿಂದ ಸಾಲಿಗೆ ಇರುವೆಯಷ್ಟಾಗಿದೆ.

ಒಂದು ಬೆಳಿಗ್ಗೆ ಪೂಜೆಗೆ ಕೂತಿದ್ದಾಗ ಟವೆಲ್ ಕೊಡಲು ಹೋದೆ. ಎಡ ಅಂಗೈಯಲ್ಲಿ ಲಿಂಗವಿತ್ತು. ಕಣ್ಣು ಅದರ ಮೇಲೆ ನೆಟ್ಟಿತ್ತು. ಆದರೆ ಅಂಗೈ ನಿಲ್ಲುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳಿನ ಮೇಲೆ ಏನನ್ನೋ ಹೊಸೆಯುತ್ತಿರುವ ಹಾಗೆ ನಡುಗುತ್ತಿತ್ತು. ಬಲಗೈಯಿಂದ ಎಡಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ನನ್ನನ್ನು ಕಂಡರು. ಮಾರನೆಯ ದಿನದಿಂದ ಬಾಗಿಲು ಹಾಕಿಕೊಂಡು ಪೂಜೆ.

ಮೂವತ್ತಾರು ವರ್ಷ ಡಾಕ್ಟರಾಗಿ ಕೆಲಸ ಮಾಡಿದವಳು ನಾನು. ಆದರೂ ಕೇಳಲು ನನಗೆ ಹನ್ನೆರಡು ದಿನ ಹಿಡಿಯಿತು.

ಊಟದ ಮೇಜಿನಲ್ಲಿ ಕೇಳಿದೆ. "ಎಡಗೈ ಚಾಚ್ರಿ, ನೋಡೂಣು."

"ನೀ ನನ್ನ ಡಾಕ್ಟರ್ ಅಲ್ಲ."

"ಹಂಗಾರ ನಿಮ್ಮ ಡಾಕ್ಟರ ಹತ್ರ ಹೋಗೂಣು ನಡೀರಿ."

"ಹೋದ್ರ ಕಂಪ್ಯೂಟರಿನ್ಯಾಗ ಬರೀತಾರ. ಬರದ್ರ ಅದು ಪೊಲೀಸರಿಗೆ ಹೋಗ್ತದ. ನಾಳೆ ನನ್ನ ಸರ್ಟಿಫಿಕೇಟ್ ಕಸಗೋತಾರ. ಏಪ್ರಿಲ್ ಹನ್ನೆರಡಕ್ಕ ಕೌಂಟಿ ಪಂದ್ಯ ಅದ. ಅಲ್ಲಿಮಟ ತಡಿ."

"ಪಂದ್ಯ ದೊಡ್ಡದೇನ್ರೀ?"

ಆಗ ಅವರು ತಟ್ಟೆ ಸರಿಸಿ ಹೇಳಿದರು: "ನೀ ಅಪ್ಪನ್ನ ಕೊನಿಕೊನಿಗೆ ನೋಡಿಲ್ಲ. ನಾ ನೋಡೀನಿ."

ನಾನು ನೋಡಿಲ್ಲದಿರಬಹುದು, ಕೇಳಿ ಗೊತ್ತು. ಮಾವನವರ ಕೊನೆಯ ಎರಡು ವರ್ಷ ನೀವು ಅವರ ಅಂಗೈಯ ಕೆಳಗೆ ನಿಮ್ಮ ಅಂಗೈ ಕೊಟ್ಟು ಪೂಜೆ ಮಾಡಿಸುತ್ತಿದ್ದಿರಿ. ಇವರು ರಜೆಗೆ ಬಂದು ಬಾಗಿಲಲ್ಲಿ ನಿಂತು ಅದನ್ನು ನೋಡಿದ್ದರು. ನಲವತ್ತು ವರ್ಷದಲ್ಲಿ ನನ್ನ ಮುಂದೆ ಆ ಮಾತು ತೆಗೆದಿದ್ದು ಅದೇ ಮೊದಲು. ನಾನು ಸೋತೆ. ಏಪ್ರಿಲ್ ಹನ್ನೆರಡರವರೆಗೆ ಸುಮ್ಮನಿರುತ್ತೇನೆ ಅಂದೆ.

ಮಾರ್ಚ್ ಹದಿನೈದು, ಶನಿವಾರ, ಕ್ಲಬ್ಬಿನಲ್ಲಿ ಮನೆಯವರನ್ನೆಲ್ಲ ಕರೆಯುವ ದಿನ. ಡಬ್ಬಿಯಲ್ಲಿ ಕರದಂಟು ತುಂಬಿಕೊಂಡು ನಾನೂ ಹೋದೆ. ಗುಂಡು ಹೊಡೆಯುವವರ ಸಾಲಿನ ಹಿಂದೆ, ಗಾಜಿನ ಆಚೆ ನಮಗೆಲ್ಲ ಕುರ್ಚಿ. ಇವರದು ಮೂರನೆಯ ಜಾಗ. ಇವರ ಎಡಕ್ಕೆ ನಾಲ್ಕರಲ್ಲಿ ಹಾನ್ನಾ ಅಂತ ಒಬ್ಬ ಹುಡುಗಿ. ನರ್ಸಿಂಗ್ ಓದುತ್ತಾಳೆ. ಚಾಪೆಯ ಮೇಲೆ ಮಲಗಿದ್ದಳು. ಇಬ್ಬರ ನಡುವೆ ಮೊಣಕಾಲೆತ್ತರದ ಹಲಗೆ.

ಆ ವಾರ ಇವರು ಟ್ರಿಗರಿಗೆ ಅಗ್ಗದ ಹೊಸ ಸ್ಪ್ರಿಂಗು ಹಾಕಿದ್ದರು. ಬೆರಳು ಸೋಕಿದರೆ ಸಾಕು, ಬಿಡುವಂಥದ್ದು. ಗಟ್ಟಿ ಸ್ಪ್ರಿಂಗನ್ನು ಎಳೆಯುವಾಗ ನಡುಕ ಹೆಚ್ಚಾಗುತ್ತಿತ್ತು ಅಂತ ಕಾಣುತ್ತದೆ.

ಮೊದಲ ಐದು ಗುಂಡು ಚೆನ್ನಾಗಿಯೇ ಹೋದವು. ಆರನೆಯದು ತುಂಬಿ ಬೋಲ್ಟ್ ಮುಚ್ಚಿದರು. ಎಡಗೈಯಿಂದ ಸ್ಟ್ಯಾಂಡನ್ನು ಸ್ವಲ್ಪ ಸರಿಸಲು ಹೋದರು. ಅದೇ ಹೊತ್ತಿಗೆ ಆ ಕೈ ಹಾರಿತು. ನನಗೆ ಬೇರೆ ಪದ ಸಿಗುತ್ತಿಲ್ಲ, ಹಾರಿತು. ರೈಫಲ್ ಸ್ಟ್ಯಾಂಡಿನಿಂದ ಜಾರಿ ಎಡಕ್ಕೆ ತಿರುಗಿತು, ಹಿಡಿಯಲು ಹೋದ ಬಲಗೈ ಬೆರಳು ಟ್ರಿಗರಿಗೆ ತಾಗಿತು.

ಸಣ್ಣ ಸದ್ದು ಅಕ್ಕಾ. ಚಪ್ಪಾಳೆಯಷ್ಟು. ಗುಂಡು ಹಲಗೆಯ ಮೇಲಂಚನ್ನು ಸೀಳಿಕೊಂಡು ಹೋಗಿ ಆಚೆಯ ಗೋಡೆಯ ಮರಳಚೀಲಕ್ಕೆ ಬಿತ್ತು. ಹಾನ್ನಾ ಕಿರುಚಲಿಲ್ಲ. ಮಲಗಿದಲ್ಲಿಂದ ಎದ್ದು ಕೂತು ಕೆನ್ನೆ ಮುಟ್ಟಿಕೊಂಡಳು, ಬೆರಳಿಗೆ ರಕ್ತ ಅಂಟಿತು. ಹಲಗೆಯ ಸಿಬಿರು. ನಾನು ಬಾಗಿಲು ತಳ್ಳಿ ಒಳಗೆ ಓಡಿ ಅವಳ ಮುಖ ಹಿಡಿದು ನೋಡಿದೆ. ಕಣ್ಣಿನ ಕೆಳಗೆ ಎರಡು ಬೆರಳು ಅಂತರ. ಸಿಬಿರು ತೆಗೆಯುವಾಗ ನನ್ನ ಕೈ ಸ್ಥಿರವಾಗಿಯೇ ಇತ್ತು. ಆ ಹುಡುಗಿ, "ನಾನು ಚೆನ್ನಾಗಿದ್ದೇನೆ ಡಾಕ್ಟರ್, ನಿಜವಾಗಿ ಚೆನ್ನಾಗಿದ್ದೇನೆ" ಅಂತ ನನಗೇ ಧೈರ್ಯ ಹೇಳುತ್ತಿದ್ದಳು.

ಕೀತ್ ದನಿ ಎತ್ತಲಿಲ್ಲ. "ಎಲ್ಲರೂ ಬಂದೂಕು ಕೆಳಗಿಟ್ಟು ಹಿಂದೆ ಬನ್ನಿ" ಅಂದರು. ಇವರ ಕೈಯಿಂದ ರೈಫಲ್ ತೆಗೆದುಕೊಂಡು ಬೋಲ್ಟ್ ತೆರೆದರು. ಟ್ರಿಗರ್ ಒತ್ತಿ ನೋಡಿದರು.

"ಶಂಕರ್, ಇದು ತೀರಾ ಹಗುರ."

"ಹೌದು, ಅಗ್ಗದ ಸ್ಪ್ರಿಂಗು," ಅಂದರು ಇವರು. "ಸ್ಪ್ರಿಂಗಿನ ತಪ್ಪು. ಬದಲಾಯಿಸುತ್ತೇನೆ."

ಎಡಗೈ ಪ್ಯಾಂಟಿನ ಜೇಬಿನೊಳಗಿತ್ತು. ಕೀತ್ ಆ ಜೇಬು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಡಬ್ಬಿಯ ಮುಚ್ಚಳ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ. ಅವರು ಕ್ಲಬ್ಬಿನ ದಾಖಲೆ ಪುಸ್ತಕ ತೆಗೆದು ಬಿಡಿಭಾಗದ ದೋಷ ಅಂತ ಬರೆದರು. ಸಹಿ ಮಾಡುವ ಮುಂಚೆ ಪೆನ್ನು ಹಿಡಿದು ತುಸು ಹೊತ್ತು ಕೂತಿದ್ದರು.

ಕಾರಿನಲ್ಲಿ ನಾನು ಹೇಳಿದೆ, "ಸ್ಪ್ರಿಂಗಿನ ತಪ್ಪಲ್ಲರೀ."

ಅವರು ಮೋಟಾರುವೇ ದಾಟಿಸಿದರು. ಆಮೇಲೆ, "ಏಪ್ರಿಲ್ ಹನ್ನೆರಡು ಅಂತ ಮಾತು ಕೊಟ್ಟೀ ನೀ," ಅಂದರು.

"ಆ ಹುಡುಗಿ ಕಣ್ಣು ಹೋಗ್ತಿತ್ತು. ಜೀವನೇ ಹೋಗ್ತಿತ್ತು."

"ಹೋಗಿಲ್ಲಲ್ಲ!"

ಹಾಗೆ ಅಂದದ್ದು ನಿಮ್ಮ ತಮ್ಮ. ಇರುವೆಯನ್ನು ಕಾಗದದ ಮೇಲೆ ಹತ್ತಿಸಿಕೊಂಡು ತೋಟಕ್ಕೆ ಬಿಟ್ಟು ಬರುವ ಮನುಷ್ಯ. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತೇನೋ, ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಹಚ್ಚಿದರು. ಆದರೂ ಮಂಗಳವಾರದ ಅಂಚೆಯಲ್ಲಿ ಹೊಸ ಸ್ಪ್ರಿಂಗು ಬಂದಿತ್ತು. ಸ್ಟ್ಯಾಂಡಿಗೆ ಕಟ್ಟಲು ಒಂದು ಬೆಲ್ಟೂ ಬಂದಿತ್ತು. ಗ್ಯಾರೇಜಿನಲ್ಲಿ ಮತ್ತೆ ಉಪ್ಪುಕಾಗದದ ಸದ್ದು ಶುರುವಾಯಿತು.

ಮಾರ್ಚ್ ಇಪ್ಪತ್ತೇಳು, ಗುರುವಾರ ಬೆಳಿಗ್ಗೆ ಹತ್ತಕ್ಕೆ ಪೊಲೀಸರು ಬಂದರು. ಬಂದೂಕು ಪರವಾನಗಿ ಕಚೇರಿಯ ಒಬ್ಬ ಹೆಂಗಸು, ಜೊತೆಗೆ ಒಬ್ಬ ಕಾನ್‌ಸ್ಟೆಬಲ್. ಬೂಟು ಒರೆಸಿಕೊಂಡು ಒಳಗೆ ಬಂದರು. ನಿಮ್ಮ ಆರೋಗ್ಯದ ಬಗ್ಗೆ ನಮಗೆ ಮಾಹಿತಿ ಬಂದಿದೆ, ವೈದ್ಯಕೀಯ ವರದಿ ಬರುವವರೆಗೆ ರೈಫಲ್ ಮತ್ತು ಸರ್ಟಿಫಿಕೇಟ್ ನಮ್ಮಲ್ಲಿರಲಿ ಅಂದರು.

"ಯಾರು ಹೇಳಿದ್ದು?"

"ಅದನ್ನು ಹೇಳುವ ಹಾಗಿಲ್ಲ ಸರ್."

ರೈಫಲ್ ಇಡಲು ಗೋಡೆಗೆ ಮೊಳೆ ಹೊಡೆದ ಕಬ್ಬಿಣದ ಪೆಟ್ಟಿಗೆಯ ಬೀಗಕ್ಕೆ ಕೀಲಿ ಹಾಕಲು ಇವರಿಗೆ ಬಹಳ ಹೊತ್ತು ಹಿಡಿಯಿತು. ಆ ಹೆಂಗಸು ಸಹಾಯಕ್ಕೆ ಕೈ ಚಾಚಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ, ಸುಮ್ಮನೆ ಕಾದಳು. ಆಮೇಲೆ ಹೇಳಿದಳು, "ಮರದ ಭಾಗಕ್ಕೆ ಅಪ್ಪಣೆ ಬೇಕಿಲ್ಲ ಸರ್. ಬೇಕಿದ್ದರೆ ಬಿಚ್ಚಿ ನಿಮಗೇ ಕೊಡುತ್ತೇವೆ."

"ಬಿಚ್ಚಬೇಡಿ," ಅಂದರು ಇವರು. "ಹಾಗೇ ತೆಗೆದುಕೊಂಡು ಹೋಗಿ."

ಅದೇ ಮಧ್ಯಾಹ್ನ ಇವರು ಕ್ಲಬ್ಬಿಗೆ ಹೋಗಿ ಎಲ್ಲರೆದುರು ಕೀತ್ ಮೇಲೆ ಕೂಗಾಡಿ ಬಂದರು. ಜೇಬನ್ನು ನೋಡಿದವರು ಕೀತ್. ಪುಸ್ತಕದಲ್ಲಿ ಬರೆದವರೂ ಕೀತ್. ಕೀತ್, "ನಾನಲ್ಲ ಶಂಕರ್" ಅಂತ ಒಂದೇ ಮಾತು ಹೇಳಿದರಂತೆ. ಎರಡು ಸಲ ಮನೆಗೆ ಬಂದರು. ಇವರು ಬಾಗಿಲು ತೆಗೆಯಲಿಲ್ಲ. ಕಿಟಕಿಯಿಂದ ನೋಡಿದೆ. ಟೊಪ್ಪಿಗೆ ಕೈಯಲ್ಲಿ ಹಿಡಿದು ಗೇಟಿನ ಹತ್ತಿರ ನಿಂತು, ಆಮೇಲೆ ಬಸ್ ಸ್ಟಾಪಿನ ಕಡೆ ಹೋದರು. ನಿಮಗೆ ಇವರು ಫೋನಿನಲ್ಲಿ ಹೇಳಿದ್ದು ಇದನ್ನೇ, ಗೆಳೆಯ ಬೆನ್ನಿಗೆ ಚೂರಿ ಹಾಕಿದ ಅಂತ.

ಮೇ ತಿಂಗಳಲ್ಲಿ ನರರೋಗ ತಜ್ಞರು ನೋಡಿದರು. ಮಾವನವರಿಗೆ ಇದ್ದ ನಡುಕದ ಕಾಯಿಲೆಯೇ. ಆದರೆ ಅಕ್ಕಾ, ಹೆದರಬೇಡಿ. ಆಗ ಇಲ್ಲದ ಮಾತ್ರೆ, ವ್ಯಾಯಾಮ ಈಗ ಇವೆ. ಐದು ವಾರದಲ್ಲಿ ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಿದ್ದಾರೆ. ಬಹಳ ವರ್ಷ ಚೆನ್ನಾಗಿರಬಹುದು. ಇದನ್ನು ಡಾಕ್ಟರಾಗಿ ಹೇಳುತ್ತಿದ್ದೇನೆ, ಸಮಾಧಾನಕ್ಕಲ್ಲ. ಏಪ್ರಿಲ್ ಹನ್ನೆರಡರಂದು ಮಾತ್ರ ಇವರು ಇಡೀ ದಿನ ಗ್ಯಾರೇಜಿನಲ್ಲಿ ಖಾಲಿ ಮೇಜಿನ ಮುಂದೆ ಕೂತಿದ್ದರು.

ನೀವು ಹೇಳಿದ ಆ ಮೊಣಕಾಲಿನ ಮಾತ್ರೆಯನ್ನು ಊಟದ ನಂತರವೇ ತೆಗೆದುಕೊಳ್ಳಿ. ನಿಮ್ಮ ತಮ್ಮನ ತಲೆಯ ಮೇಲೆ ನಿಮ್ಮ ಕೈ ಇರಲಿ. ನನ್ನ ಮೇಲೂ ಇರಲಿ ಅಂತ ಕೇಳಲು ಇವತ್ತು ಸಂಕೋಚವಾಗುತ್ತಿದೆ. ಆದರೂ ಕೇಳುತ್ತಿದ್ದೇನೆ.

ಇಂತಿ ನಿಮ್ಮ,
ಮಹಾದೇವಿ

ತಾ.ಕ.: ೨೯ ಜೂನ್. ಕಾಗದ ಒಂದು ವಾರ ನನ್ನ ಕೈಚೀಲದಲ್ಲೇ ಉಳಿಯಿತು. ಅಂಚೆಗೆ ಹಾಕಲು ಆಗಲಿಲ್ಲ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ಮಾತು ಬಿಟ್ಟಿದ್ದೇನೆ.

ಪೊಲೀಸರಿಗೆ ಹೇಳಿದವಳು ನಾನು.

ಹೊಸ ಸ್ಪ್ರಿಂಗು ಬಂದ ಮಾರನೆಯ ದಿನ, ದವಾಖಾನೆಯ ಕಾರ್ ಪಾರ್ಕಿನಲ್ಲಿ ಕೂತು ಫೋನ್ ಮಾಡಿದೆ. ಹದಿನಾಲ್ಕು ನಿಮಿಷ ಕಾಯಿಸಿದರು. ಆ ಹೊತ್ತಿನಲ್ಲಿ ಎರಡು ಸಲ ಇಟ್ಟುಬಿಡಲು ಹೋದೆ. ಆಮೇಲೆ ನನ್ನ ಗಂಡನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆಸಿದೆ. ನಿಮಗೆ ಅವರೇನಾಗಬೇಕು ಅಂತ ಕೇಳಿದರು. ಹೆಂಡತಿ ಅಂದೆ. ಪೊಲೀಸರು ಬಂದ ದಿನ ಏನೂ ಅರಿಯದವಳ ಹಾಗೆ ಅವರಿಗೆ ಚಹಾ ಬೇಕೇ ಅಂತ ಕೇಳಿದವಳೂ ನಾನೇ. ಅವರು ಹೋದ ಮೇಲೆ ಇವರು ನನ್ನ ಹೆಗಲಿಗೆ ತಲೆಯಿಟ್ಟು ಹೇಳಿದರು, "ನೀನಾದ್ರೂ ನನ್ನ ಕಡೆ ಇದ್ದೀ." ನಾನು ತಲೆ ಸವರಿದೆ, ಅಕ್ಕಾ.

ಹುಡುಗಿಯ ಜೀವ ದೊಡ್ಡದು. ಮತ್ತೆ ಅಂಥ ದಿನ ಬಂದರೆ ಮತ್ತೆ ಅದೇ ಫೋನ್ ಮಾಡುತ್ತೇನೆ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಮೂರು ತಿಂಗಳು ಕೀತ್ ತಲೆಯ ಮೇಲೆ ಅದನ್ನು ಹೊರಿಸಿ ನಾನು ಇವರಿಗೆ ಊಟ ಬಡಿಸಿದೆ.

ಮೊನ್ನೆ ಸೋಮವಾರ ಸೂಪರ್‌ಮಾರ್ಕೆಟ್ಟಿನಲ್ಲಿ ಕೀತ್ ಸಿಕ್ಕರು. ಬುಟ್ಟಿಯಲ್ಲಿ ಒಬ್ಬರಿಗಾಗುವಷ್ಟು ಹಾಲು, ಬ್ರೆಡ್ಡು. "ನಾನಲ್ಲ ಅಂತ ನನಗೆ ಗೊತ್ತು," ಅಂದರು. "ಕೈಯನ್ನು ಕಂಡವರು ನಾವಿಬ್ಬರೇ. ಅವನಿಗೆ ಹೇಳಬೇಡಿ. ನನಗಿಂತ ನೀವು ಅವನಿಗೆ ಹೆಚ್ಚು ಬೇಕು." ನಾನು ಏನಾದರೂ ಹೇಳುವ ಮುಂಚೆಯೇ ಹೊರಟುಹೋದರು.

ಮನೆಗೆ ಬಂದವಳೇ ಕೋಟು ಸಹ ತೆಗೆಯದೆ ಇವರಿಗೆ ಎಲ್ಲ ಹೇಳಿದೆ.

"ಯಾವತ್ತು ಫೋನ್ ಮಾಡಿದಿ?" ಅಂತ ಕೇಳಿದರು. ಹೇಳಿದೆ. ಎದ್ದು ಬೂಟು ಹಾಕಿಕೊಂಡರು. ಲೇಸು ಕಟ್ಟಲು ನಾನು ಬಗ್ಗಿದಾಗ ಕಾಲು ಹಿಂದೆ ಎಳೆದುಕೊಂಡರು. ಕೀತ್ ಮನೆ ಮೂರು ಮೈಲಿ. ಕಾರು ತೆಗೆಯುತ್ತೇನೆ ಅಂದೆ. ಬೇಡ ಅನ್ನಲೂ ಇಲ್ಲ. ನಡೆದೇ ಹೋದರು. ಬೆಳಕಿರುವಾಗಲೇ ಕೀತ್ ಇವರನ್ನು ನಮ್ಮ ಗೇಟಿನವರೆಗೆ ಬಿಟ್ಟುಹೋದರು. ಇಬ್ಬರೂ ಅತ್ತಿದ್ದರು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. ಬುಧವಾರ ಇವರು ಮತ್ತೆ ಕ್ಲಬ್ಬಿಗೆ ಹೋಗಿ ಕೂತು, ಬೇರೆಯವರ ಅಂಕ ಬರೆದುಕೊಟ್ಟು ಬಂದರು. ಹಾನ್ನಾಳ ಹತ್ತಿರ ಕ್ಷಮೆಯನ್ನೂ ಕೇಳಿದರಂತೆ. ಇದೆಲ್ಲ ನನಗೆ ತಿಳಿದದ್ದು ಅಮೃತ ಫೋನಿನಲ್ಲಿ ಹೇಳಿದ್ದರಿಂದ.

ಕೀತ್ ಜೊತೆ ಮಾತು ಬಂದಿದೆ ಅಕ್ಕಾ. ನನ್ನ ಜೊತೆ ಬಂದಿಲ್ಲ. ಇವತ್ತಿಗೆ ಆರು ದಿನ. ತಟ್ಟೆ ಇಟ್ಟರೆ ಉಣ್ಣುತ್ತಾರೆ, ಮಾತ್ರೆ ಇಟ್ಟರೆ ನುಂಗುತ್ತಾರೆ, ನನ್ನ ಮುಖ ನೋಡುವುದಿಲ್ಲ.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಗೋಡೆಗೆ ಹೇಳಿದ ಹಾಗೆ ಹೇಳಿದರು, "ಸಾರಿಗೆ ಉಪ್ಪು ಕಡಿಮಿ ಆಗೇದ."

ಉಪ್ಪು ಸರಿಯಾಗಿಯೇ ಇತ್ತು. ಎದ್ದು ತಂದುಕೊಟ್ಟೆ.